ದುಡಿಯುವ ಹೆಗಲು: ತಿರುಗುವ ಬಗೆ, ಕೆಡುವ ಬಗೆ

ನೊಗ ಉಜ್ಜಿ ಎತ್ತಿನ ಹೆಗಲು ಬಾತುಕೊಂಡರೆ ರೈತ ಮರುದಿನ ಅದನ್ನು ಹೂಡುವುದಿಲ್ಲ. ಪಶುವೈದ್ಯರಿಗೆ ತೋರಿಸುತ್ತಾನೆ, ಗಾಯ ಮಾಯುವ ತನಕ ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುತ್ತಾನೆ, ನೊಗದ ಉಬ್ಬುತಗ್ಗು ಕೆತ್ತಿ ನುಣುಪು ಮಾಡುತ್ತಾನೆ. ಅದೇ ರೈತನ ಸ್ವಂತ ಹೆಗಲು ನೋಯತೊಡಗಿದರೆ? ‘ವಾಯು ಹಿಡಿದಿದೆ, ತಾನೇ ಹೋಗುತ್ತದೆ’ ಎಂದು ಒಂದು ಬೆಳೆ ಕಳೆಯುತ್ತಾನೆ. ಅಂಗಡಿಯ ಮಾತ್ರೆ ನುಂಗಿ ಇನ್ನೊಂದು ಬೆಳೆ ತೆಗೆಯುತ್ತಾನೆ. ಮೂರನೆಯ ಬೆಳೆಯ ಹೊತ್ತಿಗೆ ಕೈ ತಲೆಯಿಂದ ಮೇಲೆ ಏಳದಂತಾಗಿರುತ್ತದೆ. ರೈತ ಮಹಿಳೆಯರ ಪಾಡೂ ಇದೇ. ಜಡೆ ಹೆಣೆಯಲು ಕೈ ಹಿಂದಕ್ಕೆ ಹೋಗದಿದ್ದರೂ ನಾಟಿಗೆ, ಕಳೆಗೆ, ಹುಲ್ಲಿನ ಹೊರೆಗೆ ಹೋಗುವುದು ನಿಲ್ಲುವುದಿಲ್ಲ.

ಹೆಗಲಿನ ಕೀಲು ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಹೆಚ್ಚು ತಿರುಗುವ ಕೀಲು. ಅದರ ತೊಂದರೆಗಳಲ್ಲಿ ಬಹುಪಾಲು ಶಸ್ತ್ರಕ್ರಿಯೆ ಇಲ್ಲದೆ ವಾಸಿಯಾಗುವಂಥವು. ಆದರೂ ಅನೇಕರು ಕೈಯ ಬಲ ಕಳೆದುಕೊಳ್ಳುವುದು ಎರಡು ತಪ್ಪುಗಳಿಂದ. ಆಡಿಸಬೇಕಾದ ಹೆಗಲನ್ನು ಕಟ್ಟಿ ಕೂಡಿಸುವುದು ಒಂದು. ಎಳೆಯಬಾರದ ಹೆಗಲನ್ನು ಹಿಡಿದು ಎಳೆಯುವುದು ಇನ್ನೊಂದು. ಯಾವ ಹೆಗಲನ್ನು ಆಡಿಸಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ತಿಳಿಯಲು ಮೊದಲು ಕೀಲಿನ ರಚನೆ ತಿಳಿಯಬೇಕು.

ಎತ್ತಿನ ಹೆಗಲು, ಮನುಷ್ಯನ ಹೆಗಲು

ಎತ್ತಿನ ಮುಂಗಾಲು, ಮನುಷ್ಯನ ಕೈ ಎರಡೂ ಮೂಲದಲ್ಲಿ ಒಂದೇ ಅಂಗ. ಆದರೆ ಎರಡರ ಕೆಲಸ ಬೇರೆ. ಎತ್ತಿನ ಮುಂಗಾಲು ಮೈಭಾರ ಹೊರಬೇಕು, ಹಿಂದೆ ಮುಂದೆ ಬೀಸಿ ನಡೆಯಬೇಕು. ಪಕ್ಕಕ್ಕೆ ಚಾಚುವ, ತಲೆಯ ಮೇಲೆ ಎತ್ತುವ ಅಗತ್ಯ ಅದಕ್ಕಿಲ್ಲ. ಆದ್ದರಿಂದ ದನ, ಕುರಿ, ಕುದುರೆಗಳಿಗೆ ಕೊರಳೆಲುಬೇ ಇಲ್ಲ. ಅವುಗಳ ಎದೆಗೂಡು ಎರಡು ಮುಂಗಾಲುಗಳ ನಡುವೆ ಮಾಂಸಖಂಡಗಳ ಜೋಲಿಯಲ್ಲಿ ತೂಗಿಕೊಂಡಿರುತ್ತದೆ. ಕುರಿ ಕೊಯ್ದವರಿಗೆ ಇದು ಗೊತ್ತು. ಮುಂಗಾಲನ್ನು ಒಂದೂ ಎಲುಬು ಕಡಿಯದೆ ಚಾಕುವಿನಿಂದಲೇ ಮೈಯಿಂದ ಬಿಡಿಸಬಹುದು.

ಮನುಷ್ಯನ ಹೆಗಲಿನಲ್ಲಿ ಮೂರು ಎಲುಬುಗಳಿವೆ. ಮೊದಲನೆಯದು ತೋಳಿನ ಎಲುಬು. ಅದರ ಮೇಲ್ತುದಿ ಚೆಂಡಿನಂತೆ ದುಂಡಗಿದೆ. ಎರಡನೆಯದು ಬೆನ್ನಿನ ಮೇಲ್ಭಾಗದಲ್ಲಿ ರೆಕ್ಕೆಯಂತೆ ಚಪ್ಪಟೆಯಾಗಿರುವ ಹೆಗಲ ಹಲಗೆ ಎಲುಬು. ಮೂರನೆಯದು ಕತ್ತಿನ ಕೆಳಗೆ ಅಡ್ಡಲಾಗಿ ಎದ್ದು ಕಾಣುವ ಕೊರಳೆಲುಬು. ಇಡೀ ಕೈಗೂ ಮುಂಡಕ್ಕೂ ಇರುವ ಎಲುಬಿನ ಸಂಬಂಧ ಒಂದೇ ಒಂದು. ಅದು ಕೊರಳೆಲುಬು ಎದೆಯ ನಡುವಿನ ಎಲುಬನ್ನು ಸೇರುವ ಸಣ್ಣ ಕೀಲು. ಉಳಿದದ್ದೆಲ್ಲ ಮಾಂಸಖಂಡಗಳ ಹಿಡಿತ.

ಸೊಂಟದ ಕೀಲಿನೊಂದಿಗೆ ಹೋಲಿಸಿದರೆ ಹೆಗಲಿನ ಸ್ವಭಾವ ಚೆನ್ನಾಗಿ ತಿಳಿಯುತ್ತದೆ. ತೊಡೆಯೆಲುಬಿನ ಗುಂಡು, ಒರಳಿನಲ್ಲಿ ಕುಳಿತ ಗುಂಡುಕಲ್ಲಿನಂತೆ ಸೊಂಟದ ಗುಳಿಯಲ್ಲಿ ಆಳವಾಗಿ ಕುಳಿತಿದೆ. ಅದು ಭಾರ ಹೊರುತ್ತದೆ, ಸುಲಭವಾಗಿ ಜಾರುವುದಿಲ್ಲ. ಆದರೆ ಹೆಚ್ಚು ತಿರುಗುವುದೂ ಇಲ್ಲ. ಹೆಗಲಿನ ಚೆಂಡಾದರೋ ತಟ್ಟೆಯ ಮೇಲಿಟ್ಟ ನಿಂಬೆಹಣ್ಣಿನಂತೆ. ಹಲಗೆ ಎಲುಬಿನ ಗುಳಿ ತೀರ ಆಳವಿಲ್ಲದ್ದು. ಯಾವ ಹೊತ್ತಿನಲ್ಲೂ ಚೆಂಡಿನ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಭಾಗ ಗುಳಿಗೆ ತಾಗಿರುವುದಿಲ್ಲ. ಈ ಸಡಿಲಿನಿಂದಲೇ ನಾವು ಬೆನ್ನು ಕೆರೆದುಕೊಳ್ಳುತ್ತೇವೆ, ಬೀಜ ಚೆಲ್ಲುತ್ತೇವೆ, ಕವಣೆ ಬೀಸುತ್ತೇವೆ, ಮರ ಹತ್ತುತ್ತೇವೆ. ಈ ಸಡಿಲಿನಿಂದಲೇ ಅದು ಬೇಗ ಕೆಡುತ್ತದೆ ಕೂಡ.

ಚೆಂಡನ್ನು ಹಿಡಿದಿರುವ ನಾಲ್ಕು ಹುರಿಗಳು

ತಟ್ಟೆಯ ಮೇಲಿನ ನಿಂಬೆಹಣ್ಣು ಉರುಳಿ ಬೀಳದಂತೆ ಮೂರು ಏರ್ಪಾಡುಗಳಿವೆ. ಗುಳಿಯ ಸುತ್ತ ಮೃದುವಾದ ನಾರಿನ ಅಂಚು ಇದ್ದು, ಹೊಲದ ಬದುವಿನಂತೆ ಅದನ್ನು ಸ್ವಲ್ಪ ಆಳ ಮಾಡುತ್ತದೆ. ಕೀಲಿನ ಸುತ್ತ ಚೀಲದಂಥ ಒಂದು ಪೊರೆ ಇದೆ. ಇವೆರಡಕ್ಕಿಂತ ಮುಖ್ಯವಾದದ್ದು ಹಲಗೆ ಎಲುಬಿನಿಂದ ಹೊರಟು ಚೆಂಡನ್ನು ಮುಂದೆ, ಮೇಲೆ, ಹಿಂದೆ ಸುತ್ತುವರಿದು ಅಂಟಿಕೊಳ್ಳುವ ನಾಲ್ಕು ಸಣ್ಣ ಸ್ನಾಯುಗಳು. ವೈದ್ಯರು ಇವಕ್ಕೆ ಒಟ್ಟಾಗಿ ‘ರೊಟೇಟರ್ ಕಫ್’ ಎನ್ನುತ್ತಾರೆ. ಪ್ರತಿ ಸ್ನಾಯುವಿನ ತುದಿ ಬಿಳಿಯ ನಾರಿನ ಹುರಿಯಾಗಿ ಎಲುಬಿಗೆ ಅಂಟಿರುತ್ತದೆ.

ಕೈಯನ್ನು ಮೇಲೆತ್ತುವ ದೊಡ್ಡ ಶಕ್ತಿ ಹೆಗಲಿನ ಮೇಲೆ ಉಬ್ಬಿ ಕಾಣುವ ಹೊರಗಿನ ಸ್ನಾಯುವಿನದು. ಆದರೆ ಅದೊಂದೇ ಎಳೆದರೆ ಚೆಂಡು ಮೇಲಕ್ಕೆ ಜಾರಿ ಮೇಲಿನ ಎಲುಬಿನ ಚಾವಣಿಗೆ ಬಡಿಯುತ್ತದೆ. ಒಳಗಿನ ನಾಲ್ಕು ಸ್ನಾಯುಗಳು ಚೆಂಡನ್ನು ಗುಳಿಗೆ ಒತ್ತಿ ಹಿಡಿದಿರುವುದರಿಂದಲೇ ಅದು ಇದ್ದಲ್ಲಿಯೇ ತಿರುಗುತ್ತದೆ. ದೊಡ್ಡ ಸ್ನಾಯು ಬಂಡಿ ಎಳೆಯುವ ಎತ್ತಾದರೆ ಈ ನಾಲ್ಕು ಚಕ್ರವನ್ನು ಅಚ್ಚಿನಲ್ಲಿ ನಿಲ್ಲಿಸುವ ಕಡಾಣಿಗಳು. ಕಡಾಣಿ ಸವೆದ ಬಂಡಿಯನ್ನು ಎತ್ತು ಎಷ್ಟು ಜೋರಾಗಿ ಎಳೆದರೂ ಪ್ರಯೋಜನವಿಲ್ಲ.

ಕೈ ಎತ್ತುವಾಗ ಬೆನ್ನಿನ ಹಲಗೆಯೂ ಜೊತೆಗೂಡುತ್ತದೆ. ಕೈಯನ್ನು ಪಕ್ಕದಿಂದ ಮೇಲಕ್ಕೆ ನೇರವಾಗಿ ಎತ್ತಿದರೆ ಅದು ಸುಮಾರು 180 ಡಿಗ್ರಿ ತಿರುಗಿದಂತಾಯಿತು. ಇದರಲ್ಲಿ ಸುಮಾರು 120 ಡಿಗ್ರಿ ಚೆಂಡಿನ ಕೀಲಿನಲ್ಲಿ ನಡೆಯುತ್ತದೆ. ಉಳಿದ 60 ಡಿಗ್ರಿ ಹಲಗೆ ಎಲುಬು ಪಕ್ಕೆಲುಬಿನ ಮೇಲೆ ಜಾರಿ ತಿರುಗುವುದರಿಂದ ಬರುತ್ತದೆ. ಎರಡಕ್ಕೆ ಒಂದು ಎಂಬ ಈ ಲೆಕ್ಕವನ್ನು ಅಮೆರಿಕದ ಇನ್ಮನ್ ಮತ್ತು ಸಂಗಡಿಗರು 1944ರಲ್ಲಿ ಪ್ರಕಟಿಸಿದರು. ಬೇಕಾದರೆ ನೀವೇ ನೋಡಬಹುದು. ಮನೆಯವರ ಬೆನ್ನಿನ ಹಲಗೆಯ ಕೆಳತುದಿಗೆ ಹೆಬ್ಬೆರಳು ಇಟ್ಟು, ಅವರಿಗೆ ಕೈ ಎತ್ತಲು ಹೇಳಿ. ಆ ತುದಿ ಹೊರಕ್ಕೆ, ಮೇಲಕ್ಕೆ ಜಾರಿ ಹೋಗುವುದು ಬೆರಳಿಗೆ ತಿಳಿಯುತ್ತದೆ. ನೋವಿರುವ ಹೆಗಲಿನಲ್ಲಿ ಚೆಂಡು ತಿರುಗದೆ ಹಲಗೆಯೇ ಮೊದಲು ಏಳುತ್ತದೆ. ಕೈ ಎತ್ತು ಎಂದರೆ ಹೆಗಲನ್ನು ಕಿವಿಯ ಕಡೆಗೆ ಕುಣಿಸುವವರನ್ನು ನೀವು ಕಂಡಿರಬಹುದು.

ಒಂದನೆಯ ಕೇಡು: ಹುರಿ ಉಜ್ಜುವುದು, ಹರಿಯುವುದು

ನಾಲ್ಕು ಹುರಿಗಳಲ್ಲಿ ಮೇಲಿನದು ಅತಿ ಇಕ್ಕಟ್ಟಿನ ದಾರಿಯಲ್ಲಿ ಸಾಗುತ್ತದೆ. ಕೆಳಗೆ ಚೆಂಡು, ಮೇಲೆ ಎಲುಬಿನ ಚಾವಣಿ. ನಡುವೆ ಈ ಹುರಿ ಮತ್ತು ಅದು ಜಾರಲೆಂದು ಒಂದು ತೆಳುವಾದ ಮೆತ್ತೆ. ಕೈಯನ್ನು ಹೆಗಲಿನ ಮಟ್ಟಕ್ಕೆ, ಅದಕ್ಕೂ ಮೇಲಕ್ಕೆ ಎತ್ತಿ ದಿನವಿಡೀ ದುಡಿದರೆ ಈ ಹುರಿ ದಣಿಯುತ್ತದೆ, ಬಾತುಕೊಳ್ಳುತ್ತದೆ, ನಾರುನಾರಾಗಿ ಸವೆಯುತ್ತದೆ.

ನಮ್ಮ ಕೃಷಿ ಕೆಲಸಗಳಲ್ಲಿ ಇಂಥವು ಬಹಳ. ಏಣಿಯ ಮೇಲೆ ನಿಂತು ಕಾಳುಮೆಣಸು ಬಿಡಿಸುವುದು, ದೋಟಿಯಿಂದ ಮಾವು, ತೆಂಗು, ಅಡಿಕೆ ಕೀಳುವುದು, ಲಾರಿಗೆ ಕಬ್ಬು ತುಂಬುವುದು, ಬಣವೆಯ ಮೇಲಕ್ಕೆ ಹುಲ್ಲಿನ ಕಂತೆ ಎಸೆಯುವುದು. ಇತ್ತೀಚಿನ ವರ್ಷಗಳಲ್ಲಿ ಬಂದಿರುವ ಕಾರ್ಬನ್ ಫೈಬರ್ ದೋಟಿ ಮರ ಹತ್ತುವ ಅಪಾಯವನ್ನು ತಪ್ಪಿಸಿದೆ ಎಂಬುದು ನಿಜ. ಆದರೆ ಕತ್ತೆತ್ತಿ, ಕೈಯೆತ್ತಿ ಗಂಟೆಗಟ್ಟಲೆ ನಿಲ್ಲುವ ಕೆಲಸವನ್ನು ಅದು ಹೆಗಲಿಗೆ ವಹಿಸಿದೆ. ಬೆನ್ನಿಗೆ ಕಟ್ಟುವ 16 ಲೀಟರಿನ ಸಿಂಪರಣೆ ಪಂಪಿನಲ್ಲಿ ನೀರಿನ ತೂಕವೇ 16 ಕೆ.ಜಿ. ಆ ಭಾರ ಎರಡು ಪಟ್ಟಿಗಳ ಮೂಲಕ ಹೆಗಲಿನ ಮೇಲೆ ನಿಂತಿರುವಾಗಲೇ ಒಂದು ಕೈ ಬಿಡುವಿಲ್ಲದೆ ಹಿಡಿಯನ್ನು ಏರಿಳಿಸುತ್ತಿರಬೇಕು.

ಇದರ ಲಕ್ಷಣ ಸ್ಪಷ್ಟ. ನೋವು ಹೆಗಲಿನ ಮೇಲ್ತುದಿಗಿಂತ ರಟ್ಟೆಯ ಹೊರಮಗ್ಗುಲಲ್ಲಿ ಹೆಚ್ಚು. ಕೈಯನ್ನು ಪಕ್ಕದಿಂದ ಎತ್ತುವಾಗ ಆರಂಭದಲ್ಲಿ ನೋವಿಲ್ಲ. ಸುಮಾರು 60 ಡಿಗ್ರಿಯಿಂದ 120 ಡಿಗ್ರಿಯವರೆಗೆ ಚುಚ್ಚುತ್ತದೆ. ಅದನ್ನು ದಾಟಿದರೆ ಮತ್ತೆ ಕಡಿಮೆ. ಆ ಮಗ್ಗುಲಾಗಿ ಮಲಗಿದರೆ ರಾತ್ರಿ ನಿದ್ದೆ ಬರುವುದಿಲ್ಲ.

ವಯಸ್ಸಾದಂತೆ ಈ ಹುರಿ ತಾನಾಗಿಯೂ ಸವೆಯುತ್ತದೆ. 60 ದಾಟಿದವರಲ್ಲಿ ಅನೇಕರಿಗೆ ನೋವಿಲ್ಲದೆಯೇ ಹುರಿ ಸ್ವಲ್ಪ ಹರಿದಿರುವುದುಂಟು. ಆದ್ದರಿಂದ ಸ್ಕ್ಯಾನಿನಲ್ಲಿ ‘ಹರಿದಿದೆ’ ಎಂದು ಬರೆದುಬಂದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಆದರೆ ಬದುವಿನಿಂದಲೋ ಬಂಡಿಯಿಂದಲೋ ಬಿದ್ದ ದಿನದಿಂದ ಕೈ ಏಳದೆ ಹೋದರೆ ಅದು ಬೇರೆ ಸಂಗತಿ. ಇನ್ನೊಬ್ಬರು ಹಿಡಿದೆತ್ತಿದರೆ ಕೈ ಮೇಲೆ ಹೋಗುತ್ತದೆ, ಬಿಟ್ಟರೆ ದೊಪ್ಪನೆ ಬೀಳುತ್ತದೆ ಎಂದರೆ ಹುರಿ ಪೂರ್ತಿ ಹರಿದಿರಬಹುದು. ಇದನ್ನು ವಾರಗಳೊಳಗೆ ಮೂಳೆ ವೈದ್ಯರಿಗೆ ತೋರಿಸಬೇಕು. ತಿಂಗಳುಗಟ್ಟಲೆ ಬಿಟ್ಟರೆ ಹರಿದ ಸ್ನಾಯು ಹಿಂದಕ್ಕೆ ಸರಿದು ಸೊರಗುತ್ತದೆ. ಆಮೇಲೆ ಹೊಲಿದರೂ ಕೂಡಿಕೊಳ್ಳುವುದು ಕಷ್ಟ.

ಹರಿಯದೆ ಬರೀ ಉಜ್ಜಿ ನೋಯುವ ಹೆಗಲಿಗೆ ಮೊದಲ ಮದ್ದು ಕೆಲಸದ ಬದಲಾವಣೆ ಮತ್ತು ಕ್ರಮವಾದ ವ್ಯಾಯಾಮ. ಮೇಲಿನ ಎಲುಬನ್ನು ಕೆತ್ತಿ ಜಾಗ ಮಾಡಿಕೊಡುವ ಶಸ್ತ್ರಕ್ರಿಯೆ ಬಹುಕಾಲ ರೂಢಿಯಲ್ಲಿತ್ತು. ಬ್ರಿಟನ್ ಮತ್ತು ಫಿನ್ಲೆಂಡ್‌ನ ವೈದ್ಯರು 2018ರಲ್ಲಿ ಪ್ರಕಟಿಸಿದ ಎರಡು ಪರೀಕ್ಷೆಗಳಲ್ಲಿ, ಎಲುಬು ಕೆತ್ತಿಸಿಕೊಂಡವರಿಗೂ ಬರೀ ನಳಿಕೆ ತೂರಿಸಿ ಒಳಗೆ ನೋಡಿ ಬಿಟ್ಟವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಸಾಲ ಮಾಡಿ ಈ ಶಸ್ತ್ರಕ್ರಿಯೆಗೆ ಹೊರಡುವ ಮುನ್ನ ಕೆಲವು ತಿಂಗಳು ವ್ಯಾಯಾಮ ಮಾಡಿ ನೋಡುವುದು ಜಾಣತನ.

ಎರಡನೆಯ ಕೇಡು: ಹೆಗಲು ಹೆಪ್ಪುಗಟ್ಟುವುದು

ಕೆಲವರಿಗೆ ಯಾವ ಪೆಟ್ಟೂ ಬೀಳದೆ ಹೆಗಲು ಬಿಗಿಯುತ್ತ ಬರುತ್ತದೆ. ಕೀಲಿನ ಸುತ್ತಲಿನ ಪೊರೆ ಉರಿತು, ದಪ್ಪನಾಗಿ, ಒಣಗಿದ ತೊಗಲಿನಂತೆ ಸೆಟೆದುಕೊಳ್ಳುತ್ತದೆ. ಬಾಸ್ಟನ್ನಿನ ಶಸ್ತ್ರವೈದ್ಯ ಕಾಡ್‌ಮನ್ 1934ರಲ್ಲಿ ಇದಕ್ಕೆ ‘ಫ್ರೋಜನ್ ಷೋಲ್ಡರ್’, ಎಂದರೆ ಹೆಪ್ಪುಗಟ್ಟಿದ ಹೆಗಲು ಎಂದು ಹೆಸರಿಟ್ಟರು. ಆಯುರ್ವೇದದಲ್ಲಿ ‘ಅವಬಾಹುಕ’ ಎಂದು ಹೇಳಿರುವ ಬೇನೆಯ ಲಕ್ಷಣಗಳು ಇದಕ್ಕೆ ಹತ್ತಿರವಾಗಿವೆ.

ಇದು ಹೆಚ್ಚಾಗಿ 40ರಿಂದ 60 ವರ್ಷದವರಿಗೆ, ಅದರಲ್ಲೂ ಹೆಂಗಸರಿಗೆ ಬರುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಹತ್ತರಲ್ಲಿ ಒಬ್ಬರಿಗಾದರೂ ಒಂದಲ್ಲ ಒಂದು ಕಾಲದಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಎಷ್ಟೋ ಜನರಿಗೆ ಹೆಗಲು ಹಿಡಿದಾಗಲೇ ತಮಗೆ ಸಕ್ಕರೆ ಕಾಯಿಲೆ ಇರುವುದು ತಿಳಿಯುತ್ತದೆ. ಹೆಗಲು ಬಿಗಿದವರು ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಇದರ ನಡೆ ಮೂರು ಹಂತದ್ದು. ಮೊದಲ ಕೆಲವು ತಿಂಗಳು ನೋವು ಹೆಚ್ಚು, ರಾತ್ರಿ ಇನ್ನೂ ಹೆಚ್ಚು. ಆಮೇಲೆ ನೋವು ಇಳಿದು ಬಿಗಿತ ಉಳಿಯುತ್ತದೆ. ಕಡೆಗೆ ಬಿಗಿತವೂ ಮೆಲ್ಲನೆ ಸಡಿಲುತ್ತದೆ. ಒಟ್ಟು ಒಂದರಿಂದ ಮೂರು ವರ್ಷ ಹಿಡಿಯಬಹುದು. ಗುರುತು ಹಿಡಿಯುವುದು ಸುಲಭ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಮುಂಗೈಯನ್ನು ಬಾಗಿಲು ತೆರೆಯುವಂತೆ ಹೊರಕ್ಕೆ ತಿರುಗಿಸಿ. ಹೆಪ್ಪುಗಟ್ಟಿದ ಹೆಗಲಿನಲ್ಲಿ ಇದು ನಿಮ್ಮಿಂದಲೂ ಆಗದು, ಬೇರೆಯವರು ತಿರುಗಿಸಿದರೂ ಆಗದು. ಹುರಿ ಹರಿದ ಹೆಗಲಾದರೆ ಬೇರೆಯವರು ತಿರುಗಿಸಿದಾಗ ತಿರುಗುತ್ತದೆ. ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಈ ಹೆಗಲನ್ನು ಜೋಳಿಗೆ ಕಟ್ಟಿ ಕೂಡಿಸಿದರೆ ಬಿಗಿತ ಹೆಚ್ಚುತ್ತದೆ. ಬಲವಂತವಾಗಿ ಮುರಿದು ತಿರುಗಿಸಿದರೆ ಉರಿತ ಹೆಚ್ಚುತ್ತದೆ. ಬಿಸಿ ಶಾಖ, ನೋವು ತಡೆಯುವಷ್ಟು ಔಷಧ, ದಿನಕ್ಕೆ ಹಲವು ಸಲ ಮೆಲ್ಲನೆಯ ವ್ಯಾಯಾಮ, ಇವೇ ಇದರ ದಾರಿ. ಆರಂಭದಲ್ಲಿಯೇ ವೈದ್ಯರು ಕೀಲಿನೊಳಗೆ ಒಂದು ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ನೋವು ಬೇಗ ಇಳಿಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ಅದರಿಂದ ಕೆಲವು ದಿನ ಸಕ್ಕರೆ ಏರುತ್ತದೆ. ಆದ್ದರಿಂದ ಕಾಯಿಲೆ ಇರುವುದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಮೂರನೆಯ ಕೇಡು: ಕೀಲು ತಪ್ಪುವುದು

ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ಸಲ ತಪ್ಪುವುದು ಹೆಗಲು. ಚಾಚಿದ ಕೈಯ ಮೇಲೆ ಬಿದ್ದಾಗ, ಹೋರಿ ಹಗ್ಗ ಕಿತ್ತುಕೊಂಡು ಓಡುವಾಗ ಹಗ್ಗ ಬಿಡದೆ ಹಿಡಿದಿದ್ದಾಗ, ಮರ ಜಾರಿ ಒಂದೇ ಕೈಯಲ್ಲಿ ಕೊಂಬೆಗೆ ಜೋತಾಗ ಚೆಂಡು ಗುಳಿಯಿಂದ ಹೊರಬೀಳುತ್ತದೆ. ನೂರರಲ್ಲಿ ಸುಮಾರು 95 ಸಲ ಅದು ಮುಂದಕ್ಕೆ ಜಾರುತ್ತದೆ. ಹೆಗಲಿನ ದುಂಡು ಹೋಗಿ ಚೌಕಾಕಾರವಾಗಿ ಕಾಣುತ್ತದೆ, ಎಲುಬಿನ ತುದಿಯ ಕೆಳಗೆ ಹಳ್ಳ ಬೀಳುತ್ತದೆ. ಆ ಕೈಯಿಂದ ಎದುರಿನ ಹೆಗಲನ್ನು ಮುಟ್ಟಲು ಆಗುವುದಿಲ್ಲ.

ಕೀಲು ಕೂಡಿಸುವ ವಿದ್ಯೆ ನಮ್ಮಲ್ಲಿ ಬಹಳ ಹಳೆಯದು. ತಪ್ಪಿದ ಹೆಗಲನ್ನು ಕಂಕುಳಲ್ಲಿ ಒನಕೆ ಇಟ್ಟು ಎತ್ತಿ ಕೂಡಿಸಿ, ಅಡ್ಡಹಾಯ್ದ ಕಟ್ಟು ಕಟ್ಟುವ ಕ್ರಮವನ್ನು ಸುಶ್ರುತ ಸಂಹಿತೆ ಹೇಳಿದೆ. ಹಿಂದಿನವರಿಗೆ ಒಳಗಿನ ಎಲುಬನ್ನು ನೋಡುವ ಸಾಧನ ಇರಲಿಲ್ಲ. ಇಂದು ಎಕ್ಸ್‌ರೇ ಇದೆ. ಚೆಂಡು ಜಾರಿದಾಗ ಕೆಲವೊಮ್ಮೆ ತೋಳಿನ ಎಲುಬೂ ಮುರಿದಿರುತ್ತದೆ. ಅದನ್ನು ನೋಡದೆ ಎಳೆದರೆ ಬಿರುಕು ಬಿಟ್ಟದ್ದು ಪೂರಾ ಮುರಿಯಬಹುದು. ಕಂಕುಳಲ್ಲಿ ಹಾದುಹೋಗುವ ದೊಡ್ಡ ರಕ್ತನಾಳಕ್ಕೆ, ನರಗಳಿಗೆ ಪೆಟ್ಟಾದರೆ ಕೈಯೇ ಶಾಶ್ವತವಾಗಿ ಸೋಲಬಹುದು. ಆದ್ದರಿಂದ ಊರಿನಲ್ಲಿ ಯಾರೂ ಎಳೆಯಬಾರದು, ತಿಕ್ಕಬಾರದು.

ಮಾಡಬೇಕಾದದ್ದು ಇಷ್ಟು. ಕೈ ಯಾವ ಭಂಗಿಯಲ್ಲಿ ನೋವು ಕಡಿಮೆಯೋ ಅದೇ ಭಂಗಿಯಲ್ಲಿ, ಮೈಗೂ ತೋಳಿಗೂ ನಡುವೆ ಮಡಿಸಿದ ಬಟ್ಟೆಯೋ ಸಣ್ಣ ದಿಂಬೋ ಇಟ್ಟು, ಟವೆಲಿನಿಂದ ಜೋಳಿಗೆ ಕಟ್ಟಿ. ಬಳೆ, ಉಂಗುರ ತೆಗೆಯಿರಿ. ಬೆರಳು ತಣ್ಣಗಾಗಿದೆಯೆ, ಜೋಮು ಹಿಡಿದಿದೆಯೆ ನೋಡಿ, ವೈದ್ಯರಿಗೆ ಹೇಳಿ. ಮತ್ತು ಬರುವ ಔಷಧ ಕೊಡಬೇಕಾಗಬಹುದಾದ್ದರಿಂದ ತಿನ್ನಲು, ಕುಡಿಯಲು ಏನೂ ಕೊಡಬೇಡಿ. ಎಕ್ಸ್‌ರೇ ಇರುವ ತಾಲ್ಲೂಕು ಆಸ್ಪತ್ರೆಗೆ ಅದೇ ದಿನ ಒಯ್ಯಿರಿ. 2008ರಿಂದ ರಾಜ್ಯದಲ್ಲಿ 108 ಆಂಬುಲೆನ್ಸ್ ಇದೆ. ಮೊದಲ ಕೆಲವು ಗಂಟೆಗಳಲ್ಲಿ ವೈದ್ಯರು ಸುಲಭವಾಗಿ ಕೂಡಿಸುವ ಕೀಲನ್ನು ಮೂರು ವಾರ ಕಳೆದ ಮೇಲೆ ಕೂಡಿಸಲು ಶಸ್ತ್ರಕ್ರಿಯೆಯೇ ಬೇಕಾಗಬಹುದು.

ಕೂಡಿಸಿದ ಮೇಲೆ ಎರಡು ಮೂರು ವಾರ ಜೋಳಿಗೆ, ಆಮೇಲೆ ವ್ಯಾಯಾಮ. ಹರೆಯದವರಲ್ಲಿ ಒಮ್ಮೆ ತಪ್ಪಿದ ಹೆಗಲು ಮತ್ತೆ ಮತ್ತೆ ತಪ್ಪುವುದು ಹೆಚ್ಚು. ಅಂಥವರು ಮರ ಹತ್ತುವ, ಈಜುವ ಮುನ್ನ ಮೂಳೆ ವೈದ್ಯರ ಸಲಹೆ ಪಡೆಯಲೇಬೇಕು. ನಲವತ್ತು ದಾಟಿದವರಲ್ಲಿ ಕೀಲಿನ ಜೊತೆಗೆ ಹುರಿಯೂ ಹರಿದಿರುವ ಸಂಭವ ಹೆಚ್ಚು. ಕೀಲು ಕೂಡಿದ ಮೇಲೂ ಕೈ ಏಳದಿದ್ದರೆ ಮತ್ತೆ ತೋರಿಸಬೇಕು.

ಪಂಪ್‌ಸೆಟ್ ಇರುವವರು ತಿಳಿದಿರಬೇಕಾದ ಸಂಗತಿ

ವಿದ್ಯುತ್ ಹೊಡೆದಾಗ ಮೈಯ ಸ್ನಾಯುಗಳೆಲ್ಲ ಒಮ್ಮೆಗೇ ಸೆಟೆದುಕೊಳ್ಳುತ್ತವೆ. ಆ ಬಿಗಿತಕ್ಕೆ ಚೆಂಡು ಹಿಂದಕ್ಕೆ ಜಾರಬಹುದು. ಮೂರ್ಛೆರೋಗದ ಸೆಳೆತದಲ್ಲೂ ಹೀಗಾಗುತ್ತದೆ. ಹಿಂದಕ್ಕೆ ತಪ್ಪಿದ ಕೀಲು ಹೊರನೋಟಕ್ಕೆ ಅಷ್ಟಾಗಿ ಕಾಣದು. ಎದುರಿನಿಂದ ತೆಗೆದ ಎಕ್ಸ್‌ರೇಯಲ್ಲೂ ಕಣ್ತಪ್ಪಬಹುದು. ಪಾರಾದವನ ಜೀವ ಉಳಿದ ಸಂತೋಷದಲ್ಲಿ ಹೆಗಲನ್ನು ಯಾರೂ ನೋಡುವುದಿಲ್ಲ. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಷಾಕ್ ಹೊಡೆದ ಮೇಲೆ ಕೈ ಒಳಕ್ಕೆ ತಿರುಗಿಕೊಂಡಿದ್ದು, ಅಂಗೈಯನ್ನು ಮೇಲ್ಮುಖ ಮಾಡಿ ಹೊರಕ್ಕೆ ತಿರುಗಿಸಲು ಆಗದಿದ್ದರೆ ಈ ಅನುಮಾನ ಬರಬೇಕು. ಷಾಕ್ ಹೊಡೆದದ್ದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಆಗ ಅವರು ಬೇರೆ ಕೋನದಿಂದಲೂ ಎಕ್ಸ್‌ರೇ ತೆಗೆಸುತ್ತಾರೆ.

ಹೆಗಲಿನದಲ್ಲದ ಹೆಗಲು ನೋವು

ಹೆಗಲು ನೋಯುತ್ತಿದ್ದರೂ ಕೇಡು ಬೇರೆಡೆ ಇರಬಹುದು. ಕತ್ತಿನ ನರ ಒತ್ತಿಕೊಂಡರೆ ನೋವು ಹೆಗಲಿನಿಂದ ಮೊಣಕೈ ದಾಟಿ ಬೆರಳಿನವರೆಗೆ ಇಳಿಯುತ್ತದೆ, ಜೋಮು ಇರುತ್ತದೆ. ಪಿತ್ತಕೋಶದ ಬೇನೆ ಬಲ ಹೆಗಲಿಗೆ ಹಾಯಬಹುದು. ಎಲ್ಲಕ್ಕಿಂತ ಅಪಾಯದ್ದು ಹೃದಯದ ನೋವು. ಕೈ ಆಡಿಸಿದರೂ ಆಡಿಸದಿದ್ದರೂ ಒಂದೇ ಸಮನೆ ಎಡ ಹೆಗಲು, ಎದೆ, ದವಡೆ ಹಿಂಡಿದಂತಾಗಿ ಬೆವರು, ಏದುಸಿರು ಬಂದರೆ ಎಣ್ಣೆ ತಿಕ್ಕುತ್ತ ಕೂರಬೇಡಿ. ಕೂಡಲೆ 108ಕ್ಕೆ ಫೋನ್ ಮಾಡಿ. ಹೆಗಲು ನೋವಿನೊಂದಿಗೆ ಜ್ವರ, ಕೀಲಿನ ಮೇಲೆ ಕೆಂಪು ಬಾವು, ಕಾರಣವಿಲ್ಲದೆ ಮೈ ಇಳಿಯುವುದು ಇದ್ದರೂ ತಡ ಮಾಡಬಾರದು.

ಮನೆಯಲ್ಲೇ ಮಾಡುವ ವ್ಯಾಯಾಮ

ಬಿದ್ದು ಪೆಟ್ಟಾಗದ, ಕೀಲು ತಪ್ಪದ, ಎಲುಬು ಮುರಿಯದ ಹೆಗಲಿಗೆ ಮಾತ್ರ ಈ ವ್ಯಾಯಾಮಗಳು. ಬೆಳಿಗ್ಗೆ ಬಿಸಿನೀರು ಹಾಕಿಕೊಂಡ ಮೇಲೆ ಮಾಡಿದರೆ ಕೀಲು ಸಡಿಲವಾಗಿರುತ್ತದೆ. ತುಸು ಸೆಳೆತ ಸಹಜ. ಮಾಡಿದ ಮೇಲೆ ಗಂಟೆಗಟ್ಟಲೆ ನೋವು ನಿಂತರೆ ಅತಿಯಾಯಿತೆಂದು ತಿಳಿದು ಕಡಿಮೆ ಮಾಡಬೇಕು.

1. ತೂಗುಯ್ಯಾಲೆ: ಒಳ್ಳೆಯ ಕೈಯನ್ನು ಮಂಚದ ಮೇಲೋ ಜಗಲಿಯ ಮೇಲೋ ಊರಿ ಮುಂದಕ್ಕೆ ಬಾಗಿ. ನೋಯುವ ಕೈಯನ್ನು ಸಡಿಲವಾಗಿ ಜೋಲಲು ಬಿಡಿ. ಮೈಯನ್ನು ತೂಗಿ ಕೈ ಹಿಂದೆ ಮುಂದೆ, ಪಕ್ಕಕ್ಕೆ, ಆಮೇಲೆ ಸಣ್ಣ ಸುತ್ತಿನಲ್ಲಿ ತಿರುಗುವಂತೆ ಮಾಡಿ. ಕೈಯ ಬಲ ಹಾಕಬಾರದು. ಐದು ನಿಮಿಷ, ದಿನಕ್ಕೆ ಮೂರು ಸಲ. ವಾರ ಕಳೆದ ಮೇಲೆ ಕೈಯಲ್ಲಿ ಅರ್ಧ ತುಂಬಿದ ಚೊಂಬು ಹಿಡಿಯಬಹುದು. ಕಾಡ್‌ಮನ್ ಅವರ ಹೆಸರಿನಲ್ಲೇ ಈ ವ್ಯಾಯಾಮ ಬಳಕೆಯಲ್ಲಿದೆ.

2. ಗೋಡೆ ಏರುವುದು: ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆ ಹತ್ತಿದಂತೆ ಮೇಲಕ್ಕೆ ನಡೆಸಿ. ಹೆಗಲನ್ನು ಕಿವಿಯ ಕಡೆಗೆ ಕುಣಿಸಬಾರದು. ಮುಟ್ಟಿದ ಎತ್ತರಕ್ಕೆ ಇದ್ದಿಲಿನ ಗೆರೆ ಎಳೆದು ವಾರವಾರ ನೋಡಿ.

3. ರಾಟೆ ಹಗ್ಗ: ತೊಲೆಗೆ ಬಾವಿಯ ರಾಟೆಯನ್ನು ತೂಗುಹಾಕಿ ಹಗ್ಗ ಪೋಣಿಸಿ. ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಒಳ್ಳೆಯ ಕೈಯಿಂದ ಕೆಳಕ್ಕೆ ಎಳೆದು ನೋಯುವ ಕೈಯನ್ನು ಮೆಲ್ಲನೆ ಮೇಲಕ್ಕೆ ಒಯ್ಯಿರಿ.

4. ಬೆನ್ನು ಒರೆಸುವುದು: ಟವೆಲನ್ನು ಬೆನ್ನಿನ ಹಿಂದೆ ಓರೆಯಾಗಿ ಹಿಡಿದು, ಮೇಲಿನ ಒಳ್ಳೆಯ ಕೈಯಿಂದ ಕೆಳಗಿನ ನೋಯುವ ಕೈಯನ್ನು ತುಸುತುಸು ಮೇಲೆಳೆಯಿರಿ.

5. ಬಲ ಬರಿಸುವುದು: ನೋವು ಇಳಿದ ಮೇಲೆ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಕಂಬಕ್ಕೆ ಕಟ್ಟಿದ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಹೊರಕ್ಕೂ ಒಳಕ್ಕೂ ಹತ್ತು ಹತ್ತು ಸಲ ಎಳೆಯಿರಿ. ಒಳಗಿನ ನಾಲ್ಕು ಸ್ನಾಯುಗಳಿಗೆ ಬಲ ಬರುವುದು ಇದರಿಂದ.

ಕನಿಷ್ಠ ಆರರಿಂದ ಹನ್ನೆರಡು ವಾರ ಬಿಡದೆ ಮಾಡಿದರೆ ಫಲ ಕಾಣುತ್ತದೆ. ನಾಲ್ಕು ದಿನ ಮಾಡಿ ‘ಗುಣವಾಗಲಿಲ್ಲ’ ಎಂದು ಬಿಡುವುದು ಬಿತ್ತಿದ ನಾಲ್ಕನೆಯ ದಿನ ಮಣ್ಣು ಕೆದಕಿ ನೋಡಿದಂತೆ.

ಮಾತ್ರೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಳ್ಳುವ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಬಿಸಿಲಿನಲ್ಲಿ ದುಡಿದು ಮೈಯ ನೀರು ಆರಿದವರಿಗೆ ಈ ಅಪಾಯ ಇನ್ನೂ ಹೆಚ್ಚು. ನೋವು ಅಡಗಿಸಿ ಅದೇ ಕೆಲಸಕ್ಕೆ ಇಳಿದರೆ ಹುರಿ ಸವೆಯುವುದೂ ನಿಲ್ಲುವುದಿಲ್ಲ.

ಕೆಲಸದಲ್ಲಿ ಹೆಗಲು ಉಳಿಸುವ ಬಗೆ

ಕೈ ಚಾಚಿದಷ್ಟೂ ಹೆಗಲಿಗೆ ಭಾರ ಹೆಚ್ಚು. ಏತದ ಉದ್ದ ತುದಿಗೆ ಕಟ್ಟಿದ ಸಣ್ಣ ಬಾನಿಯನ್ನು ಎತ್ತಲು ಗಿಡ್ಡ ತುದಿಯಲ್ಲಿ ದೊಡ್ಡ ಕಲ್ಲು ಬೇಕಲ್ಲವೆ? ಹಾಗೆಯೇ ಚಾಚಿದ ಕೈಯಲ್ಲಿ ಹಿಡಿದ ಐದು ಕೆ.ಜಿ.ಗೆ ಹೆಗಲಿನ ಸ್ನಾಯು ಅದರ ಅನೇಕ ಪಟ್ಟು ಬಲದಿಂದ ಎಳೆಯಬೇಕು. ಆದ್ದರಿಂದ ಭಾರವನ್ನು ಮೈಗೆ ಒತ್ತಿಕೊಂಡು ಎತ್ತಿ. ಏಣಿಯನ್ನು ಇನ್ನೆರಡು ಮೆಟ್ಟಿಲು ಹತ್ತಿದರೆ ಕೈ ಹೆಗಲಿನ ಮಟ್ಟದಲ್ಲೇ ಕೆಲಸ ಮಾಡುತ್ತದೆ. ಆದರೆ ಏಣಿಯನ್ನು ಮೊದಲು ಮರಕ್ಕೆ ಕಟ್ಟಿರಬೇಕು. ದೋಟಿ ಕೆಲಸವನ್ನು ಇಬ್ಬರು ಅರ್ಧ ಗಂಟೆಗೊಮ್ಮೆ ಬದಲಾಯಿಸಿಕೊಳ್ಳಿ. ಸಿಂಪರಣೆ ಪಂಪಿನ ಪಟ್ಟಿ ಅಗಲವಾಗಿರಲಿ, ಅದರಡಿ ಮಡಿಸಿದ ಗೋಣಿ ಇರಲಿ. ಪೂರ್ತಿ ತುಂಬುವ ಬದಲು ಹತ್ತು ಹನ್ನೆರಡು ಲೀಟರು ತುಂಬಿ ಒಂದು ಸುತ್ತು ಹೆಚ್ಚು ಹೋಗಿ. ಬ್ಯಾಟರಿ ಪಂಪಾದರೆ ಹಿಡಿ ಏರಿಳಿಸುವ ಕೆಲಸವೇ ಇಲ್ಲ. ಕುಡುಗೋಲಿನ ಬಾಯಿ ಹರಿತವಾಗಿದ್ದರೆ ಎಳೆಯುವ ಬಲ ಕಡಿಮೆ ಸಾಕು.

ಮೂಟೆಗಳ ತೂಕವನ್ನೂ ಗಮನಿಸಿ. ಬೇವು ಲೇಪಿತ ಯೂರಿಯಾ ಚೀಲವನ್ನು 2018ರಲ್ಲಿ 50 ಕೆ.ಜಿ.ಯಿಂದ 45 ಕೆ.ಜಿ.ಗೆ ಇಳಿಸಲಾಯಿತು. ಆದರೆ ಮನೆಯಲ್ಲಿ ನಾವೇ ತುಂಬುವ ಜೋಳ, ರಾಗಿ, ಅಡಿಕೆ ಮೂಟೆಗೆ ಮಿತಿ ಹಾಕುವವರು ನಾವೇ. ಒಬ್ಬರೇ ಎತ್ತುವ ಮೂಟೆಯನ್ನು ಚಿಕ್ಕದಾಗಿ ತುಂಬಿ. ದೊಡ್ಡದನ್ನು ಇಬ್ಬರು ಹಿಡಿದೇ ಎತ್ತಿ. ಹುಲ್ಲಿನ ಹೊರೆ, ನೀರಿನ ಕೊಡಗಳನ್ನು ತಲೆಗೆ ಏರಿಸುವಾಗ ಹೆಣ್ಣುಮಕ್ಕಳಿಗೆ ಮತ್ತೊಬ್ಬರು ಕೈಕೊಡಲಿ. ಭಾರ ತಲೆಯ ಮೇಲೆ ಕುಳಿತಿರುವಾಗಿಗಿಂತ ಏರಿಸುವ, ಇಳಿಸುವ ಗಳಿಗೆಯಲ್ಲೇ ಹುರಿ ಹೆಚ್ಚಾಗಿ ಹರಿಯುವುದು.

ಎರಡು ವಾರ ಕಳೆದರೂ ನೋವು ಇಳಿಯದಿದ್ದರೆ, ಕೈ ಹಿಂದಕ್ಕೋ ಮೇಲಕ್ಕೋ ಹೋಗುವುದು ದಿನೇದಿನೇ ಕಡಿಮೆಯಾಗುತ್ತಿದ್ದರೆ ಸುಗ್ಗಿ ಮುಗಿಯಲೆಂದು ಕಾಯಬೇಡಿ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ. ರೇಷನ್ ಕಾರ್ಡ್, ಆಧಾರ್ ಜೊತೆಯಲ್ಲಿರಲಿ; 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮಗೆ ಸಿಗುವ ಚಿಕಿತ್ಸೆ ಯಾವುದೆಂದು ಅಲ್ಲೇ ವಿಚಾರಿಸಿ. ಬಿದ್ದು ತಪ್ಪಿದ ಹೆಗಲನ್ನು ಅಲುಗಿಸದೆ ಆಸ್ಪತ್ರೆಗೆ ಒಯ್ಯುವುದು, ಬಿಗಿದ ಹೆಗಲನ್ನು ದಿನವೂ ಮೆಲ್ಲನೆ ಆಡಿಸುವುದು, ಇವೆರಡನ್ನು ಮನೆಮಂದಿಯೆಲ್ಲ ತಿಳಿದಿದ್ದರೆ ಒಂದು ಕೈ ಉಳಿದಂತೆ. ಆಳು ಸಿಗದ ಈ ದಿನಗಳಲ್ಲಿ ಒಂದು ಕೈ ಉಳಿದರೆ ಒಂದು ಬೆಳೆ ಉಳಿದಂತೆ.